ಯಶ್ಮಿತಾ ಅರ್ಧ ತೋಳಿನ ಅಂಗಿ ಕೇಳಿದಳು

ಮಣ್ಣಗುಡ್ಡ, ಮಂಗಳೂರು
೧೯ ನವೆಂಬರ್ ೨೦೨೪, ಮಂಗಳವಾರ

ಪ್ರೀತಿಯ ಮನ್ವಿತಾಳ ಪಪ್ಪನಿಗೆ,

ಹೇಗಿದ್ದೀರಿ? ಸೊಂಟ ನೋವು ಕಡಿಮೆಯಾಯಿತೇ? ಕಳೆದ ವಾರ ವಿಡಿಯೊದಲ್ಲಿ ನೀವು ಕುರ್ಚಿಯಿಂದ ಏಳುವಾಗ ಮೇಜಿನ ಅಂಚು ಹಿಡಿದುಕೊಂಡದ್ದನ್ನು ನಾನು ಕಂಡೆ. ‘ಎಂತ ಇಲ್ಲ’ ಎಂದರೆ ನಂಬುವವಳು ನಾನಲ್ಲ. ನಿಮ್ಮ ಅಮ್ಮ ಕಾಯಿಸಿ ಕೊಟ್ಟ ನೋವಿನೆಣ್ಣೆಯನ್ನು ಈ ಕಾಗದದ ಜೊತೆ ಕಳಿಸುತ್ತಿದ್ದೇನೆ, ಸೋರದ ಹಾಗೆ ಎರಡು ಪ್ಲಾಸ್ಟಿಕ್ ಸುತ್ತಿ. ಹಚ್ಚಿಕೊಳ್ಳಿ, ಕಪಾಟಿನಲ್ಲಿ ಇಟ್ಟು ಪೂಜೆ ಮಾಡಬೇಡಿ. ಇಲ್ಲಿ ಎಲ್ಲರೂ ಸೌಖ್ಯ. ಅಮ್ಮನ ಶುಗರ್ ಹತೋಟಿಯಲ್ಲಿದೆ, ನಾಲಿಗೆ ಮಾತ್ರ ಹತೋಟಿಯಲ್ಲಿಲ್ಲ. ಮನ್ವಿತಾಳ ಇನ್ನೊಂದು ಹಲ್ಲು ಬಿದ್ದಿದೆ. ಅದನ್ನು ಪಪ್ಪನಿಗೆ ಪಾರ್ಸೆಲ್ ಮಾಡಬೇಕೆಂದು ಹಟ ಹಿಡಿದಳು, ಕಷ್ಟಪಟ್ಟು ತಪ್ಪಿಸಿದ್ದೇನೆ.

ಫೋನು ಇರುವಾಗ ಕಾಗದ ಯಾಕೆ ಎಂದು ನಿಮಗೆ ಆಶ್ಚರ್ಯವಾಗಬಹುದು. ಮದುವೆ ನಿಶ್ಚಯವಾದ ಮೇಲೆ ಬರೆದ ಎರಡು ಕಾಗದ ಬಿಟ್ಟರೆ ನಾನು ನಿಮಗೆ ಬರೆದದ್ದೇ ಇಲ್ಲ. ಆದರೆ ಕಡಲಾಚೆ ದಮಾಮಿನ ನಿಮ್ಮ ರೂಮಿನಲ್ಲಿ ಆರು ಜನ, ಅದರಲ್ಲಿ ನಾಲ್ವರು ನಮ್ಮ ಕಡೆಯವರು. ನಾನು ಇಲ್ಲಿ ಸೀನಿದರೆ ಅಲ್ಲಿ ಅವರು ‘ಹೇಮಾಕ್ಷಿಗೆ ಶೀತವಾ?’ ಎಂದು ಕೇಳುತ್ತಾರೆ. ಯಶ್ಮಿತಾಳ ವಿಷಯ ಬಂದಾಗಲೆಲ್ಲ ನೀವು ದನಿ ತಗ್ಗಿಸಿ ‘ಆಮೇಲೆ ಮಾತಾಡುವ’ ಎನ್ನುತ್ತೀರಿ. ಆ ಆಮೇಲೆ ಎನ್ನುವುದು ಎರಡು ವರ್ಷವಾದರೂ ಬರಲಿಲ್ಲ. ತಪ್ಪು ಹೇಳುತ್ತಿಲ್ಲ, ಅಷ್ಟು ಕಿವಿಗಳ ನಡುವೆ ಆ ಕಾಯಿಲೆಯ ಹೆಸರು ಎತ್ತುವುದು ಹೇಗೆ? ಪಕ್ಕದ ಮನೆಯ ನಾಝಿಮಾಳ ತಮ್ಮ ಈ ಶುಕ್ರವಾರ ದಮಾಮಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಕೊಡುತ್ತೇನೆ. ಕವರಿಗೆ ಗೋಂದು ಹಚ್ಚಿ, ಮೇಲೆ ಮೂರು ಪಿನ್ ಹೊಡೆದಿದ್ದೇನೆ. ಒಬ್ಬರೇ ಇರುವಾಗ ಓದಿ.

ಮೊದಲು ಸುದ್ದಿ. ನಿಮ್ಮ ಸೋದರ ಸೊಸೆ ಗೆದ್ದಳು! ಹದಿನಾಲ್ಕು ವರ್ಷದೊಳಗಿನ ಹುಡುಗಿಯರ ಜಿಲ್ಲಾ ಮಟ್ಟದ ಕಬಡ್ಡಿಯಲ್ಲಿ ನಮ್ಮ ಶಾಲೆಗೆ ಮೊದಲ ಸ್ಥಾನ, ಫೈನಲ್ಲಿನ ಉತ್ತಮ ಆಟಗಾರ್ತಿ ಯಶ್ಮಿತಾ. ಮೊನ್ನೆ ಶನಿವಾರ ಸುರತ್ಕಲ್ಲಿನ ಮೈದಾನದಲ್ಲಿ ಮೈಕಿನಲ್ಲಿ ಅವಳ ಹೆಸರು ಕೂಗಿದಾಗ ನಾನು ಚಪ್ಪಲಿ ಎಲ್ಲಿ ಬಿಟ್ಟೆನೆಂದು ಗೊತ್ತಿಲ್ಲದೆ ಓಡಿದ್ದೇನೆ. ಗೆದ್ದ ಕಪ್ ಈಗ ಶಾಲೆಯಲ್ಲಿದೆ. ಮನೆಯಲ್ಲಿ ಇರುವುದು ಅವಳ ಕೊರಳಿನ ಪದಕ ಮಾತ್ರ. ಅದನ್ನು ಮನ್ವಿತಾ ಮೂರು ದಿನದಿಂದ ತೆಗೆಯದೆ ಹಾಕಿಕೊಂಡು ತಿರುಗುತ್ತಿದ್ದಾಳೆ, ಗೆದ್ದವಳು ತಾನೇ ಎನ್ನುವ ಹಾಗೆ. ಫೋನಿನಲ್ಲಿ ನಾನು ‘ಕಬಡ್ಡಿಯಲ್ಲಿ ಗೆದ್ದಳು’ ಎಂದಾಗ ನೀವು ‘ಒಳ್ಳೇದಾಯ್ತು’ ಎಂದಿರಿ. ಒಳ್ಳೆಯದಾಯಿತು ಎನ್ನುವ ಒಂದು ಪದದಲ್ಲಿ ಮುಗಿಯುವ ಸುದ್ದಿಯಲ್ಲ ಇದು. ಎರಡು ವರ್ಷದಲ್ಲಿ ಇಲ್ಲಿ ನಡೆದದ್ದು ನಿಮಗೆ ಚೂರು ಚೂರಾಗಿ ಗೊತ್ತು. ಕೆಲವು ಚೂರುಗಳನ್ನು ನಾನೇ ಮುಚ್ಚಿಟ್ಟಿದ್ದೆ. ಇವತ್ತು ಮೊದಲಿನಿಂದ ಬರೆಯುತ್ತೇನೆ, ಸಾವಕಾಶವಾಗಿ ಓದಿ.

ನಿಮ್ಮ ಅಕ್ಕ, ಯಶ್ಮಿತಾಳ ಅಮ್ಮ ಜಯಕ್ಕ ತೀರಿಕೊಂಡ ಹದಿನಾಲ್ಕನೆಯ ದಿನ ನಾನು ಸುರತ್ಕಲ್ಲಿನ ಅವರ ಬಾಡಿಗೆ ಮನೆಯಿಂದ ಯಶ್ಮಿತಾಳನ್ನು ಕರೆತಂದೆ. ಅವಳಿಗೆ ಆಗ ಹತ್ತು ವರ್ಷ. ತೂಕ ನೋಡಿದರೆ ಏಳು ವರ್ಷದವಳ ಹಾಗೆ. ಆಟಿ ತಿಂಗಳ ಮಳೆ ಬಿಟ್ಟಾಗಿನ ಸೆಕೆಯಲ್ಲೂ ಮೈ ತುಂಬ ಮುಚ್ಚುವ ಅಂಗಿ ಹಾಕಿಕೊಂಡಿದ್ದಳು. ಸ್ನಾನ ಮಾಡಿಸಲು ಅಂಗಿ ಬಿಚ್ಚಿದಾಗ ನಾನು ಚೊಂಬು ಕೆಳಗಿಟ್ಟೆ. ಮೊಣಕೈಯಿಂದ ಮಣಿಕಟ್ಟಿನವರೆಗೆ, ಮೊಣಕಾಲಿನಿಂದ ಪಾದದವರೆಗೆ ಗಟ್ಟಿ ಗಟ್ಟಿ ಗುಳ್ಳೆಗಳು. ತುರಿಸಿ ತುರಿಸಿ ಕೆಲವು ಒಡೆದಿದ್ದವು, ಕೆಲವು ಒಣಗಿ ಕಪ್ಪಾಗಿದ್ದವು. ಮುಖದಲ್ಲಿ ಬೇರೆಯೇ ಬಗೆ. ಕಣ್ಣಿನ ಸುತ್ತ, ಗಲ್ಲದ ಮೇಲೆ ಮುತ್ತಿನ ಹಾಗೆ ಹೊಳೆಯುವ ಸಣ್ಣ ಗುಳ್ಳೆಗಳು, ಪ್ರತಿಯೊಂದರ ನಡುವೆಯೂ ಸೂಜಿ ಚುಚ್ಚಿದ ಹಾಗೆ ಒಂದು ಕುಳಿ. ಸೊಳ್ಳೆ ಕಚ್ಚಿದ್ದು ಎಂದಳು. ‘ಅಮ್ಮ ಹಾಗೇ ಹೇಳ್ತಿದ್ರು. ನನ್ನ ರಕ್ತ ಸಿಹಿ ಅಂತೆ, ಹಾಗೆ ಸೊಳ್ಳೆ ನನಗೇ ಬರುವುದಂತೆ.’ ನಿಮ್ಮ ಅಮ್ಮ ಬಾಗಿಲಲ್ಲಿ ನಿಂತು ನೋಡಿ, ಇದು ನಾಗದೋಷವೇ ಎಂದು ತೀರ್ಮಾನಿಸಿದರು. ಮರುದಿನವೇ ನಾಗಬನಕ್ಕೆ ಹೋಗಿ ಹಾಲೆರೆದು ಬಂದೆವು. ಬಂದ ಮೇಲೆ ಅಮ್ಮ ಮಗುವಿಗೆ ಬೇರೆ ತಟ್ಟೆ, ಬೇರೆ ಲೋಟ, ಬೇರೆ ಚಾಪೆ ಇಟ್ಟರು. ನಾನು ಸುಮ್ಮನಿದ್ದೆ. ಸುಮ್ಮನಿದ್ದೆ ಎಂದರೆ, ನನಗೂ ಅದು ಸರಿ ಎಂದೇ ಕಂಡಿತ್ತು. ಇದು ನಾನು ಮುಚ್ಚಿಟ್ಟ ಮೊದಲನೆಯ ಚೂರು.

ಅತ್ತಾವರದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯಾಗಿ ಎಚ್‌ಐವಿ ಎಂದು ಗೊತ್ತಾದದ್ದು ನಿಮಗೆ ಹೇಳಿದ್ದೇನೆ. ಹುಟ್ಟುವಾಗಲೇ ತಾಯಿಯಿಂದ ಬಂದದ್ದು. ಚರ್ಮದ ಡಾಕ್ಟರ ಕೋಣೆಯಿಂದ ಮಕ್ಕಳ ಡಾಕ್ಟರ ಕೋಣೆಗೆ ನಮ್ಮನ್ನು ಕಳಿಸಿದರು. ಆ ಮಕ್ಕಳ ಡಾಕ್ಟರ ಹೆಸರು ಶ್ರಾವಣಿ. ನನಗಿಂತ ಚಿಕ್ಕವರು. ಮಾತು ಮಾತ್ರ ಹಳೆಯ ಸೂಲಗಿತ್ತಿಯ ಹಾಗೆ, ಸೀದಾ. ‘ಮೈಯೊಳಗೆ ಕಾವಲು ಕಡಿಮೆಯಾದಾಗ ಮೊದಲು ಸುಳಿವು ಕೊಡುವುದು ಚರ್ಮ’ ಎಂದರು. ‘ಎಷ್ಟೋ ಮಕ್ಕಳು ವರ್ಷಗಟ್ಟಲೆ ಕಜ್ಜಿ, ಅಲರ್ಜಿ ಅಂತ ಮುಲಾಮು ಹಚ್ಚಿಕೊಂಡು ಕೂತಿರ್ತಾರೆ. ಯಾರೂ ರಕ್ತ ನೋಡುವುದಿಲ್ಲ. ನೀವು ತಡವಾಗಿಯಾದರೂ ಬಂದಿದ್ದೀರಿ.’ ನಾಗದೋಷದ ವಿಷಯ ಅಮ್ಮ ಹೇಳಿದಾಗ ನಗಲಿಲ್ಲ, ಬೈಯಲೂ ಇಲ್ಲ. ‘ಹಾಲೆರೆಯಿರಿ ಅಜ್ಜಿ, ಬೇಡ ಅಂತ ಯಾರು ಹೇಳಿದ್ದು? ಆದರೆ ಗುಳಿಗೆ ಒಂದು ದಿನವೂ ತಪ್ಪಬಾರದು.’ ಬೆಳಿಗ್ಗೆ ಏಳು ಗಂಟೆಗೆ ಗುಳಿಗೆ. ತುರಿಕೆಗೆ ಒಂದು ಸಿರಪ್, ಕೈಕಾಲಿಗೆ ಮುಲಾಮು, ಉಗುರು ಚಿಕ್ಕದಾಗಿ ಕತ್ತರಿಸಬೇಕು. ಹೀಗೆ ಶುರುವಾಯಿತು.

ಇನ್ನು ಎರಡನೆಯ ಚೂರು. ಗುಳಿಗೆ ಶುರುವಾಗಿ ಆರು ವಾರಕ್ಕೆ ಅವಳ ಮೈಯ ಗುಳ್ಳೆ ಕಡಿಮೆಯಾಗುವ ಬದಲು ಜಾಸ್ತಿಯಾಯಿತು. ಮುಖದ ಗುಳ್ಳೆಗಳು ಕೆಂಪಾಗಿ ಊದಿಕೊಂಡವು. ಎಡಗಣ್ಣು ಅರ್ಧ ಮುಚ್ಚಿತು. ಅದೇ ವಾರ ಮನ್ವಿತಾಳ ಕಂಕುಳ ಹತ್ತಿರ ಮೂರು ಗುಳ್ಳೆ ಎದ್ದವು, ಅವೇ ಮುತ್ತಿನ ಹಾಗಿನವು, ನಡುವೆ ಕುಳಿ ಇರುವವು. ಅವತ್ತು ನನಗೆ ಬುದ್ಧಿ ಕೆಟ್ಟಿತು. ನನ್ನ ಮಗಳಿಗೂ ಅಂಟಿತು ಎಂದೇ ತಿಳಿದೆ. ನಿಮಗೆ ಫೋನು ಮಾಡಿ ಅತ್ತೆ. ನೀವು ‘ಯಾವುದಾದರೂ ಆಶ್ರಮದಲ್ಲಿ ಸೀಟು ಕೇಳುವ’ ಎಂದಿರಿ. ಅದನ್ನು ನಿಮ್ಮ ಮೇಲೆ ಹಾಕುವುದಿಲ್ಲ, ನೀವು ಹೇಳುವ ಮೊದಲೇ ನಾನು ಅವಳ ಬಟ್ಟೆಗಳನ್ನು ಬ್ಯಾಗಿಗೆ ತುಂಬಿಯಾಗಿತ್ತು. ಗುಳಿಗೆಯಿಂದಲೇ ಹೀಗಾಗುತ್ತಿದೆ ಎಂದುಕೊಂಡು ನಾಲ್ಕು ದಿನ ಗುಳಿಗೆಯನ್ನೂ ಕೊಡಲಿಲ್ಲ. ಇದನ್ನು ನಾನು ನಿಮಗೆ ಇವತ್ತಿನವರೆಗೆ ಹೇಳಿಲ್ಲ. ಬ್ಯಾಗಿನ ಪಕ್ಕ ಯಶ್ಮಿತಾ ಚಪ್ಪಲಿ ಹಾಕಿಕೊಂಡು ಬಂದು ಕೂತಳು. ಅಳಲಿಲ್ಲ. ‘ಮಾಮಿ, ನಾನು ಇನ್ನು ತುರಿಸುವುದಿಲ್ಲ. ಮಲಗುವಾಗ ಕೈ ಕಟ್ಟಿಕೊಳ್ತೇನೆ. ಆಗ ಇಲ್ಲೇ ಇರಬಹುದಾ?’ ಎಂದು ಕೇಳಿದಳು.

ನಾನು ಇಬ್ಬರು ಮಕ್ಕಳನ್ನೂ ಆಟೋದಲ್ಲಿ ಹಾಕಿಕೊಂಡು ಅತ್ತಾವರಕ್ಕೆ ಹೋದೆ. ಡಾಕ್ಟರ್ ಶ್ರಾವಣಿ ನನ್ನ ಮುಖ ನೋಡಿಯೇ ‘ಗುಳಿಗೆ ನಿಲ್ಲಿಸಿದ್ರಾ?’ ಎಂದು ಕೇಳಿದರು. ಹೌದೆಂದೆ. ಅವರು ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡರು. ಆಮೇಲೆ ಹೇಳಿದ್ದು ನನಗೆ ಇವತ್ತಿಗೂ ಬಾಯಿಪಾಠ. ‘ನಿಮ್ಮ ಮನೆಯ ನಾಯಿ ಇಷ್ಟು ವರ್ಷ ಮಲಗಿತ್ತು ಅಂತ ಇಟ್ಟುಕೊಳ್ಳಿ. ಕಳ್ಳ ಅಂಗಳಕ್ಕೆ ಬಂದು ಕೂತರೂ ಬೊಗಳಲಿಲ್ಲ. ಈಗ ಗುಳಿಗೆ ನಾಯಿಯನ್ನು ಎಬ್ಬಿಸಿದೆ, ಅದು ಬೊಗಳ್ತಾ ಉಂಟು. ಆ ಗಲಾಟೆಯೇ ಅವಳ ಮುಖದಲ್ಲಿ ಕಾಣುವುದು. ನೀವು ನಾಯಿಯನ್ನು ಕಟ್ಟಿಹಾಕಿ ಕಳ್ಳನನ್ನು ಉಳಿಸಿದ್ದೀರಿ.’ ಮನ್ವಿತಾಳ ಮೂರು ಗುಳ್ಳೆ ನೋಡಿ, ಅದು ಬೇರೆಯೇ ವೈರಸ್, ಸಾಮಾನ್ಯ ಮಕ್ಕಳಿಗೂ ಬರುವಂಥದ್ದು, ಒಂದೇ ಟವೆಲಿನಲ್ಲಿ ಒರೆಸಿಕೊಂಡರೆ ಹರಡುತ್ತದೆ, ಗಟ್ಟಿಮುಟ್ಟಾದ ಮಗುವಿಗೆ ತಾನಾಗಿಯೇ ಹೋಗುತ್ತದೆ ಎಂದರು. ಎಚ್‌ಐವಿಗೂ ಅದಕ್ಕೂ ಸಂಬಂಧವಿಲ್ಲ. ಒಟ್ಟಿಗೆ ಉಂಡರೆ, ಮಲಗಿದರೆ, ಅಪ್ಪಿಕೊಂಡರೆ ಎಚ್‌ಐವಿ ಬರುವುದಿಲ್ಲ. ಆದರೂ ನಾನು ಕಾಲು ಹಿಡಿಯುವಷ್ಟು ಬೇಡಿಕೊಂಡಾಗ ಮನ್ವಿತಾಳ ರಕ್ತ ಪರೀಕ್ಷೆ ಮಾಡಿಸಿದರು. ಇಲ್ಲ ಎಂದು ಬಂತು. ‘ಬೇರೆ ಮಾಡಬೇಕಾದ್ದು ಟವೆಲ್ ಒಂದೇ. ತಟ್ಟೆಯನ್ನು ಯಾಕೆ ಬೇರೆ ಮಾಡಿದ್ದೀರಿ?’ ಎಂದು ಕೇಳಿದಾಗ ನಾನು ಬೆಚ್ಚಿಬಿದ್ದೆ, ತಟ್ಟೆಯ ವಿಷಯ ನಾನು ಹೇಳಿರಲಿಲ್ಲ. ಹೇಳಿದ್ದು ಮನ್ವಿತಾ! ಡಾಕ್ಟರು ಕೊಟ್ಟ ಚಾಕಲೇಟಿನಲ್ಲಿ ಅರ್ಧ ಮುರಿದು ಅಕ್ಕನಿಗೆ ಕೊಡುತ್ತ, ‘ನಮ್ಮ ಮನೆಯಲ್ಲಿ ಅಕ್ಕನ ತಟ್ಟೆ ಬೇರೆ, ಇಲ್ಲಿ ಒಟ್ಟಿಗೆ ತಿನ್ನಬಹುದು’ ಎಂದಿದ್ದಳಂತೆ.

ಮನೆಗೆ ಬಂದು ನಾನು ಮಾಡಿದ ಮೊದಲ ಕೆಲಸ ಬ್ಯಾಗು ಖಾಲಿ ಮಾಡಿದ್ದು. ಅಮ್ಮನಿಗೆ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಅವರು ಎಲೆ ಅಡಿಕೆ ಜಗಿಯುತ್ತ ಕೇಳಿಸಿಕೊಂಡರು. ಊಟದ ಹೊತ್ತಿಗೆ ನೋಡಿದರೆ ಬೇರೆ ತಟ್ಟೆ ಇಲ್ಲ. ಕೇಳಿದ್ದಕ್ಕೆ, ‘ಅದು ಕೋಳಿಗೆ ಅಕ್ಕಿ ಹಾಕಲಿಕ್ಕೆ ಆಯ್ತು’ ಎಂದರು. ನಮಗೆ ಕೋಳಿಯೇ ಇಲ್ಲ! ನಾಝಿಮಾಳ ಕೋಳಿಗೆ ಕೊಟ್ಟು ಬಂದಿದ್ದರು. ಅವತ್ತಿನಿಂದ ಮಗುವಿನ ಕೈಕಾಲಿಗೆ ಮುಲಾಮು ಹಚ್ಚುವ ಕೆಲಸ ನನ್ನ ಕೈಯಿಂದ ಹೋಯಿತು. ಸಂಜೆಯಾದರೆ ಅಜ್ಜಿ ಕಾಲು ಚಾಚಿ ಕೂರುತ್ತಾರೆ, ಮೊಮ್ಮಗಳ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದು ಗುಳ್ಳೆಗೂ ಬೈಯುತ್ತಾರೆ. ‘ಇದು ಹೋಗ್ತಾ ಬಂತು. ಇದಕ್ಕೆ ಸೊಕ್ಕು ಉಂಟು. ನಾಳೆ ನಿನ್ನನ್ನು ನೋಡಿಕೊಳ್ತೇನೆ.’ ಮಗಳು ಜಯಕ್ಕನಿಗೆ ಮಾಡಲಾಗದ್ದನ್ನೆಲ್ಲ ಅವರು ಆ ಎರಡು ಕಾಲುಗಳಿಗೆ ಮಾಡಿದರು ಎಂದು ನನಗೆ ಅನ್ನಿಸುತ್ತದೆ.

ಶಾಲೆಯ ಕತೆ ಬೇರೆ. ಆ ನವೆಂಬರಿನಲ್ಲಿ ಅವಳ ತರಗತಿಯ ಅನುಷ್ಕಾ ಎಂಬ ಹುಡುಗಿಯ ತಾಯಿ ಹೋಗಿ ‘ನನ್ನ ಮಗಳನ್ನು ಅವಳ ಪಕ್ಕ ಕೂರಿಸಬೇಡಿ, ಅದು ಎಂತ ಮಾರಾಯ್ರೆ ಮುಖದಲ್ಲಿ’ ಎಂದು ಎಲ್ಲರೆದುರು ಹೇಳಿದರು. ಅವರಿಗೆ ಕಾಯಿಲೆಯ ಹೆಸರು ಗೊತ್ತಿರಲಿಲ್ಲ, ಬರೀ ಚರ್ಮ ನೋಡಿ ಹೇಳಿದ್ದು. ಹೆಡ್‌ಮಿಸ್ಸು ಗುಣವಾಗುವವರೆಗೆ ಮನೆಯಲ್ಲೇ ಇರಲಿ ಎಂದರು. ಮೂರು ವಾರ ಯಶ್ಮಿತಾ ಕಿಟಕಿಯ ಹತ್ತಿರ ಕೂತು ಶಾಲೆಯ ವ್ಯಾನು ಹೋಗುವುದನ್ನು ನೋಡಿದಳು. ಡಾಕ್ಟರ್ ಶ್ರಾವಣಿ ಮುಖದ ಗುಳ್ಳೆಗಳನ್ನು ಒಂದೊಂದಾಗಿ ತೆಗೆಸಿದರು. ಮರಗಟ್ಟುವ ಮುಲಾಮು ಹಚ್ಚಿ ಸೂಜಿಯಂಥದ್ದರಿಂದ ಕೆರೆಯುತ್ತಾರೆ. ಮಗು ನನ್ನ ಹೆಬ್ಬೆರಳು ಹಿಡಿದು ಇಪ್ಪತ್ತೆರಡರವರೆಗೆ ಎಣಿಸಿದಳು. ಆಮೇಲೆ ಡಾಕ್ಟರು ಕಾಗದ ಕೊಟ್ಟರು: ಚರ್ಮದ ತೊಂದರೆಗೆ ಚಿಕಿತ್ಸೆ ನಡೆಯುತ್ತಿದೆ, ತರಗತಿಯಲ್ಲಿ ಕೂರಲು ಯಾವ ಅಡ್ಡಿಯೂ ಇಲ್ಲ. ಅದಕ್ಕಿಂತ ಹೆಚ್ಚು ಒಂದು ಅಕ್ಷರ ಬರೆಯಲಿಲ್ಲ. ‘ಉಳಿದದ್ದು ಕೇಳುವ ಹಕ್ಕು ಶಾಲೆಗಿಲ್ಲ. ಕೇಳಿದರೆ ನನ್ನ ನಂಬರ್ ಕೊಡಿ’ ಎಂದರು. ನಾನು ಆ ಕಾಗದವನ್ನು ಹೆಡ್‌ಮಿಸ್ಸಿನ ಮೇಜಿನ ಮೇಲೆ ಇಟ್ಟು, ಕೂರಿ ಎನ್ನುವ ಮೊದಲೇ ಕೂತು, ‘ನಾಳೆಯಿಂದ ಬರ್ತಾಳೆ’ ಎಂದೆ. ನನ್ನ ದನಿ ನನಗೇ ಹೊಸದಾಗಿತ್ತು. ಹೆಡ್‌ಮಿಸ್ಸು ಓದಿ, ‘ಬರಲಿ’ ಎಂದರು.

ಗುಣ ಎನ್ನುವುದು ಒಂದು ದಿನ ಬಾಗಿಲು ತಟ್ಟಿ ಬರುವುದಿಲ್ಲ ಎಂದು ನನಗೆ ಆಗ ಗೊತ್ತಾಯಿತು. ಒಂದು ದಿನ ಬೆಡ್‌ಶೀಟಿನಲ್ಲಿ ರಕ್ತದ ಕಲೆ ಇರಲಿಲ್ಲ. ಇನ್ನೊಂದು ದಿನ ತುರಿಕೆಯ ಸಿರಪ್ ಕೇಳದೆ ಮಲಗಿದಳು. ಮರುವರ್ಷ ಮಳೆಗಾಲ ಬರುವ ಹೊತ್ತಿಗೆ ಹೊಸ ಗುಳ್ಳೆ ಏಳುವುದು ನಿಂತಿತು, ಹಳೆಯದರ ಕಪ್ಪು ಕಲೆಗಳು ಮಾತ್ರ ಉಳಿದವು. ತೂಕ ಒಂಬತ್ತು ಕಿಲೋ ಏರಿತು. ಡಿಸೆಂಬರಿನಲ್ಲಿ ಡಾಕ್ಟರು ರಿಪೋರ್ಟು ತಿರುಗಿಸಿ ನನಗೆ ತೋರಿಸಿದರು. ರಕ್ತದಲ್ಲಿ ವೈರಸ್ ಯಂತ್ರಕ್ಕೆ ಸಿಗದಷ್ಟು ಕಡಿಮೆ. ‘ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ಮೂಲೆಯಲ್ಲಿ ಬಾಯಿ ಮುಚ್ಚಿ ಕೂತಿದೆ. ಗುಳಿಗೆ ತಪ್ಪದಿದ್ದರೆ ಹಾಗೇ ಕೂತಿರ್ತದೆ. ಇವಳು ಕಾಲೇಜಿಗೆ ಹೋಗ್ತಾಳೆ, ಕೆಲಸಕ್ಕೆ ಹೋಗ್ತಾಳೆ, ಮದುವೆ ಬೇಕಾದರೆ ಮದುವೆಯಾಗ್ತಾಳೆ, ನಮ್ಮೆಲ್ಲರ ಹಾಗೆ ಮುದುಕಿಯಾಗ್ತಾಳೆ.’ ಮುದುಕಿಯಾಗುತ್ತಾಳೆ ಎನ್ನುವ ಮಾತಿಗೆ ಅಷ್ಟು ಖುಷಿಪಟ್ಟವಳು ನಾನೊಬ್ಬಳೇ ಇರಬೇಕು. ಬರುವ ದಾರಿಯಲ್ಲಿ ಮಕ್ಕಳಿಬ್ಬರಿಗೂ ಐಸ್‌ಕ್ರೀಮ್ ಕೊಡಿಸಿದೆ, ನಾನೂ ತಿಂದೆ.

ಈಗ ಕಬಡ್ಡಿ. ಶಾಲೆಗೆ ಹೊಸದಾಗಿ ಬಂದ ಆಟದ ಮಾಸ್ಟ್ರು ಗೌರವ್ ಸರ್ ಇವಳು ವ್ಯಾನಿಗೆ ಓಡುವುದನ್ನು ನೋಡಿ ತಂಡಕ್ಕೆ ಸೇರಿಸಿದರು. ಆಡಬಹುದೇ ಎಂದು ಡಾಕ್ಟರನ್ನು ಕೇಳಿದೆ. ಮುಖದ ಗುಳ್ಳೆ ಪೂರ್ತಿ ಹೋದ ಮೇಲೆ ಧಾರಾಳವಾಗಿ ಎಂದರು, ಕಲೆಗಳಿಂದ ಯಾರಿಗೂ ಏನೂ ಆಗುವುದಿಲ್ಲ. ಗಾಯವಾದರೆ ಮಾತ್ರ ಕೂಡಲೇ ಹೊರಗೆ ಬಂದು ತೊಳೆದು ಪಟ್ಟಿ ಹಾಕಬೇಕು. ಗೌರವ್ ಸರ್ ತಂಡದಲ್ಲಿ ಅದು ಎಲ್ಲರಿಗೂ ಇರುವ ನಿಯಮವೇ. ಆದರೆ ತೊಂದರೆ ಇದ್ದದ್ದು ಅಲ್ಲಿ ಅಲ್ಲ. ಕಬಡ್ಡಿಯಲ್ಲಿ ಎದುರಾಳಿ ಒಳಗೆ ಬಂದಾಗ ನಮ್ಮವರು ಇಬ್ಬಿಬ್ಬರಾಗಿ ಕೈ ಕೈ ಹಿಡಿದು ಸರಪಣಿ ಮಾಡಬೇಕಲ್ಲ? ಇವಳ ಜೊತೆ ನಿಲ್ಲುತ್ತಿದ್ದವಳು ಅದೇ ಅನುಷ್ಕಾ. ಅವಳು ಕೈ ಹಿಡಿಯುತ್ತಿರಲಿಲ್ಲ. ಇವಳ ಉದ್ದ ತೋಳಿನ ಅಂಗಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿಯುತ್ತಿದ್ದಳು. ಎದುರಾಳಿ ಎಳೆದ ಕೂಡಲೇ ಬಟ್ಟೆ ಜಾರುತ್ತಿತ್ತು, ಸರಪಣಿ ಹರಿಯುತ್ತಿತ್ತು, ತಂಡ ಸೋಲುತ್ತಿತ್ತು. ಒಂದು ವರ್ಷ ಹೀಗೇ ಸೋತರು. ಯಾಕೆ ಸೋಲುತ್ತೇವೆಂದು ಯಶ್ಮಿತಾಳಿಗೆ ಗೊತ್ತಿತ್ತು. ಯಾರಿಗೂ ಹೇಳಿರಲಿಲ್ಲ.

ಈ ಆಗಸ್ಟಿನಲ್ಲಿ ಅವಳಿಗೆ ಕಾಯಿಲೆಯ ಹೆಸರು ಹೇಳುವ ದಿನ ಬಂತು. ಅಲ್ಲಿಯವರೆಗೆ ‘ರಕ್ತದಲ್ಲಿ ಕಾವಲುಗಾರರು ಕಡಿಮೆ’ ಎಂದಷ್ಟೇ ಹೇಳಿದ್ದೆವು. ಹನ್ನೆರಡು ವರ್ಷವಾಯಿತು, ಇನ್ನು ಬೇರೆಯವರಿಂದ ತಿಳಿಯಬಾರದು ಎಂದು ಡಾಕ್ಟರು ತಾವೇ ಕೂತು, ಚಿತ್ರ ಬಿಡಿಸಿ, ಹೆಸರು ಹೇಳಿದರು. ನಾನು ಪಕ್ಕದಲ್ಲಿದ್ದೆ. ಅವಳು ಕೇಳಿದ ಮೊದಲ ಪ್ರಶ್ನೆ: ‘ಅಮ್ಮನಿಗೂ ಇದೇ ಇತ್ತಾ?’ ಹೌದು ಎಂದರು. ‘ಅಮ್ಮ ಈ ಗುಳಿಗೆ ತಿಂದಿದ್ದರೆ ಇರ್ತಿದ್ರಾ?’ ಡಾಕ್ಟರು ನನ್ನನ್ನು ನೋಡಿದರು, ನಾನು ನೆಲ ನೋಡಿದೆ. ‘ಇರ್ತಿದ್ರು ಅಂತ ನನಗೆ ಅನ್ನಿಸ್ತದೆ’ ಎಂದರು ಅವರು, ಸುಳ್ಳು ಹೇಳಲಿಲ್ಲ. ಮೂರು ದಿನ ಮನೆಯಲ್ಲಿ ಯಾರ ಜೊತೆಯೂ ಮಾತಾಡಲಿಲ್ಲ. ಅಜ್ಜಿಗೆ ಕಾಲು ಮುಟ್ಟಲು ಬಿಡಲಿಲ್ಲ. ಗುಳಿಗೆಯನ್ನು ಮಾತ್ರ ತಾನೇ ತೆಗೆದು ನುಂಗುತ್ತಿದ್ದಳು, ಯಾರ ಮೇಲೋ ಹಗೆ ತೀರಿಸುವ ಹಾಗೆ. ನಾಲ್ಕನೆಯ ದಿನ ಬೆಳಿಗ್ಗೆ ನಾನು ಹೊಲಿಗೆ ಮಿಷನಿನ ಮುಂದೆ ಕೂತಿದ್ದೆ. ಶಾಲೆಯ ಆಟದ ಅಂಗಿಯನ್ನು ತಂದು ಮಿಷನಿನ ಮೇಲೆ ಹಾಕಿದಳು. ‘ಮಾಮಿ, ತೋಳು ಕತ್ತರಿಸಿ. ಅರ್ಧ ತೋಳು ಮಾಡಿ ಕೊಡಿ. ನನಗೆ ಇರುವುದು ರಕ್ತದಲ್ಲಿ. ಕೈಯನ್ನು ಯಾಕೆ ಮುಚ್ಚಬೇಕು?’

ನಾನು ಹತ್ತು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದೇನೆ, ಎಷ್ಟೋ ಮದುವೆಯ ರವಿಕೆ ಹೊಲಿದಿದ್ದೇನೆ. ಅಷ್ಟು ಸಂತೋಷದಿಂದ ಕತ್ತರಿ ಹಿಡಿದದ್ದು ಅವತ್ತೇ. ಅರ್ಧ ತೋಳು ಹಾಕಿಕೊಂಡು ಹೋದ ದಿನ ಸಂಜೆ ಅವಳು ಬಂದು ಹೇಳಿದ್ದು: ‘ಅನುಷ್ಕಾಳಿಗೆ ಹಿಡಿಯಲಿಕ್ಕೆ ಬಟ್ಟೆಯೇ ಇರಲಿಲ್ಲ. ಕೈ ಕಡೆ ನೋಡಿದಳು. ಇದು ಹಳೆಯ ಕಲೆ, ಅಂಟುವುದಿಲ್ಲ, ಅಂಟುವುದಿದ್ದರೆ ನಮ್ಮ ಅಜ್ಜಿ ಇಷ್ಟೊತ್ತಿಗೆ ಪೂರ್ತಿ ಕಪ್ಪಾಗಬೇಕಿತ್ತು ಅಂದೆ. ಅವಳಿಗೆ ನಗು ಬಂತು. ಹಿಡಿದಳು.’

ಇನ್ನು ಸುರತ್ಕಲ್. ಫೈನಲ್ಲಿನಲ್ಲಿ ಎದುರಿದ್ದದ್ದು ಎರಡು ವರ್ಷ ಸತತ ಗೆದ್ದ ತಂಡ. ಅವರಲ್ಲಿ ಒಬ್ಬಳು ನಿಮ್ಮಷ್ಟು ಎತ್ತರ ಇದ್ದಳು, ಉತ್ಪ್ರೇಕ್ಷೆಯಲ್ಲ. ಅಮ್ಮ, ನಾನು, ಮನ್ವಿತಾ, ನಾಝಿಮಾ ಎಲ್ಲರೂ ಹೋಗಿದ್ದೆವು. ನಾಝಿಮಾ ಬಿರಿಯಾನಿ ಕಟ್ಟಿ ತಂದಿದ್ದಳು, ಆಟ ಮುಗಿಯುವವರೆಗೆ ಯಾರೂ ಬುತ್ತಿ ಬಿಚ್ಚಲಿಲ್ಲ. ಎರಡನೆಯ ಅರ್ಧದಲ್ಲಿ ಇವಳು ಬಿದ್ದು ಮೊಣಕೈ ತರಚಿತು, ರಕ್ತ ಬಂತು. ನಾನು ಎದ್ದು ಓಡುವುದರಲ್ಲಿದ್ದೆ. ಇವಳು ತಾನೇ ರೆಫರಿಗೆ ಕೈ ಎತ್ತಿ ಹೊರಗೆ ಬಂದಳು. ತನ್ನ ಚೀಲದಿಂದ ನೀರು, ಹತ್ತಿ, ಪಟ್ಟಿ ತೆಗೆದು, ಯಾರನ್ನೂ ಮುಟ್ಟಗೊಡದೆ ತಾನೇ ತೊಳೆದು ತಾನೇ ಸುತ್ತಿಕೊಂಡಳು, ಹತ್ತಿಯನ್ನು ಕವರಿನಲ್ಲಿ ಕಟ್ಟಿ ಚೀಲಕ್ಕೆ ಹಾಕಿದಳು, ಮತ್ತೆ ಒಳಗೆ ಹೋದಳು. ಹನ್ನೆರಡು ವರ್ಷದ ಹುಡುಗಿ! ನಮ್ಮಲ್ಲಿ ಎಷ್ಟು ದೊಡ್ಡವರಿಗೆ ಅಷ್ಟು ಜವಾಬ್ದಾರಿ ಉಂಟು ಹೇಳಿ.

ಎರಡು ನಿಮಿಷ ಉಳಿದಿರುವಾಗ ನಾವು ಇಪ್ಪತ್ತೊಂದು, ಅವರು ಇಪ್ಪತ್ತಮೂರು. ಇವಳ ಸರದಿ. ಕಬಡ್ಡಿ ಕಬಡ್ಡಿ ಎನ್ನುತ್ತ ಹೋದವಳು ಬಲಗಡೆ ಒಬ್ಬಳನ್ನು ಮುಟ್ಟಿದಳು. ತಿರುಗುವಾಗ ಇನ್ನೊಬ್ಬಳು ತಗುಲಿದಳು. ಅಷ್ಟರಲ್ಲಿ ಆ ಎತ್ತರದವಳು ಕಾಲಿಗೆ ಬಿದ್ದು ಹಿಡಿದಳು. ಕಲೆಗಳಿರುವ ಅದೇ ಕಾಲು, ಎರಡೂ ಕೈಯಲ್ಲಿ ಅಪ್ಪಿ ಹಿಡಿದಳು. ಯಶ್ಮಿತಾ ನೆಲಕ್ಕೆ ಬಿದ್ದಳು. ಉಸಿರು ಬಿಡಲಿಲ್ಲ. ಮೊಣಕೈ ಊರಿ, ಆ ಹುಡುಗಿಯನ್ನೂ ಎಳೆದುಕೊಂಡು, ಒಂದೊಂದೇ ಗೇಣು ತೆವಳಿದಳು. ನಿಮ್ಮ ಅಮ್ಮ ಎದ್ದು ನಿಂತು ‘ಒಯ್ಪು ಮಗಾ, ಒಯ್ಪು’ ಎಂದು ಮೈದಾನ ಕೇಳುವ ಹಾಗೆ ಕೂಗಿದರು, ಎಳೆ ಮಗಾ ಎಳೆ ಎಂದು. ಬೆರಳ ತುದಿ ನಡುಗೆರೆಗೆ ತಾಗಿತು. ಸೀಟಿ. ಮೂರು ಅಂಕ! ಕೊನೆಗೆ ಅವರ ಕಡೆಯಿಂದ ಒಬ್ಬಳು ಬಂದಳು. ನಮ್ಮವರು ಸರಪಣಿ ಮಾಡಿ ಮುಚ್ಚಿಕೊಂಡರು. ಅನುಷ್ಕಾಳ ಬೆರಳುಗಳು ಯಶ್ಮಿತಾಳ ಮಣಿಕಟ್ಟಿನ ಸುತ್ತ ಬಿಗಿದದ್ದನ್ನು ನಾನು ಕಣ್ಣಾರೆ ಕಂಡೆ. ಬಂದವಳು ಎಷ್ಟು ಎಳೆದರೂ ಬಿಡಲಿಲ್ಲ. ಇಪ್ಪತ್ತೈದು–ಇಪ್ಪತ್ತಮೂರು. ಏಳು ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಹೊರಳಾಡಿದರು. ಎಲ್ಲರ ಅಡಿಯಲ್ಲಿ ನಮ್ಮವಳು, ಮುಖ ತುಂಬ ಮಣ್ಣು, ಬಾಯಿ ತುಂಬ ನಗು.

ಆಮೇಲೆ ಅನುಷ್ಕಾಳ ತಾಯಿ ಬಂದರು. ತಮ್ಮ ಶಾಲಿನ ತುದಿಯಿಂದ ಯಶ್ಮಿತಾಳ ಮುಖದ ಮಣ್ಣು ಒರೆಸಿದರು, ಮೊದಲು ಇವಳದ್ದು, ಆಮೇಲೆ ತಮ್ಮ ಮಗಳದ್ದು. ಅವರಿಗೆ ಕಾಯಿಲೆಯ ಹೆಸರು ಇವತ್ತಿಗೂ ಗೊತ್ತಿಲ್ಲ. ಗೊತ್ತಿದ್ದರೆ ಹೀಗೆ ಒರೆಸುತ್ತಿದ್ದರೋ ಇಲ್ಲವೋ ನಾನು ಹೇಳಲಾರೆ. ಹೇಳಬೇಕೋ ಬೇಡವೋ ಎಂಬುದು ಯಶ್ಮಿತಾಳ ಇಷ್ಟ, ಅವಳು ದೊಡ್ಡವಳಾಗಿ ತೀರ್ಮಾನಿಸಲಿ. ಬಸ್ಸಿನಲ್ಲಿ ಬರುವಾಗ ಅವಳು ಕಿಟಕಿಯ ಹೊರಗೆ ಕೈ ತೋರಿಸಿ, ‘ನಾನು, ಅಮ್ಮ ಆ ಗಲ್ಲಿಯಲ್ಲಿ ಇದ್ದದ್ದು’ ಎಂದಳು. ಆಮೇಲೆ ನಾಝಿಮಾಳ ಬಿರಿಯಾನಿಯನ್ನು ಎರಡು ಸಲ ಹಾಕಿಸಿಕೊಂಡು ತಿಂದಳು.

ಇಷ್ಟೇ ನನ್ನ ಸುದ್ದಿ. ಅಮ್ಮ ನಿಮಗೆ ಆಶೀರ್ವಾದ ಹೇಳಿದ್ದಾರೆ, ಬಿಸಿಲಿನಲ್ಲಿ ಟೊಪ್ಪಿ ಹಾಕಿಕೊಳ್ಳಲು ಹೇಳಿದ್ದಾರೆ. ಮನ್ವಿತಾ ಮುತ್ತು ಕಳಿಸಿದ್ದಾಳೆ, ಹಲ್ಲಿಲ್ಲದ ಮುತ್ತು. ಈ ಕಾಗದವನ್ನು ಹರಿಯಬೇಡಿ. ಮೈ ಕಡೆ ಜೋಪಾನ.

ಎಂದೆಂದಿಗೂ ನಿಮ್ಮವಳೇ ಆದ,
ಹೇಮಾಕ್ಷಿ

ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ: ಆಗಸ್ಟಿನಲ್ಲಿ ಅವಳು ‘ಇದು ಯಾರಿಗೆಲ್ಲ ಗೊತ್ತು, ಯಾವಾಗಿನಿಂದ ಗೊತ್ತು?’ ಎಂದು ಕೇಳಿದಳು. ನಾನು ಸುಳ್ಳು ಹೇಳಲಿಲ್ಲ. ಜಯಕ್ಕ ತನಗೆ ಈ ಕಾಯಿಲೆ ಎಂದು ಎಲ್ಲರಿಗಿಂತ ಮೊದಲು ನಿಮಗೆ ಫೋನು ಮಾಡಿ ಹೇಳಿದ್ದು, ನೀವು ಯಾರಿಗೂ ಹೇಳಬೇಡ ಎಂದು ಹೇಳಿ ಆಮೇಲೆ ಅವರ ಫೋನು ಎತ್ತದೇ ಹೋದದ್ದು, ಎಲ್ಲ ಹೇಳಿದೆ. ನೀವು ಒಂದು ದಿನ ವಾಯ್ಸ್ ಮೆಸೇಜಿನಲ್ಲಿ ಅದನ್ನು ಹೇಳಿ ಅತ್ತು, ಕೂಡಲೇ ಅಳಿಸಿಬಿಟ್ಟಿರಿ. ಅಷ್ಟರಲ್ಲಿ ನಾನು ಕೇಳಿಯಾಗಿತ್ತು. ಇಷ್ಟು ವರ್ಷ ನೀವು ರಜೆ ಇಲ್ಲ, ರಜೆ ಇಲ್ಲ ಎನ್ನುವುದು ಯಾಕೆಂದು ನನಗೆ ಗೊತ್ತು. ಆ ಮೂರು ದಿನದ ಮೌನ ಮುಗಿದ ಮೇಲೆ ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ: ‘ಮಾಮ ಹೆದರಿದ್ರು, ಅಷ್ಟೇ. ಮಾಮಿ, ನೀವೂ ಹೆದರಿದ್ರಿ ಅಲ್ವಾ? ಅಮ್ಮನೂ ಹೆದರಿದ್ರು. ಇನ್ನು ನಮ್ಮ ಮನೆಯಲ್ಲಿ ಯಾರೂ ಹೆದರುವುದು ಬೇಡ. ಮಾಮನಿಗೆ ಬರಲಿಕ್ಕೆ ಹೇಳಿ.’ ವಿಭಾಗ ಮಟ್ಟದ ಪಂದ್ಯ ಈ ಸಲ ಮಂಗಳೂರಿನಲ್ಲೇ, ಡಿಸೆಂಬರ್ ೨೧, ಶನಿವಾರ. ನಿಮಗೆ ಒಂದು ಕುರ್ಚಿ ಹಿಡಿದಿಡಲು ಗೌರವ್ ಸರ್ ಹತ್ತಿರ ಅವಳೇ ಹೇಳಿ ಬಂದಿದ್ದಾಳೆ. ರಜೆಗೆ ಅರ್ಜಿ ಹಾಕಿ, ಈ ಕಾಗದ ಓದಿದ ದಿನವೇ.